ಅನಸುಬಾಯಿಯ ಆರು ಗ್ಲಾಸು, ಒಂದು ನಾಟಕ

ಶಹಾಬಾದಿನ ಅನಸುಬಾಯಿಗೆ ಎಷ್ಟು ಸಲ ಮದುವೆಯಾಗಿದೆ ಎಂದು ಯಾರಾದರೂ ಚೇಷ್ಟೆ ಮಾಡಿದರೆ ಆಕೆ ಸಿಟ್ಟಾಗುವುದಿಲ್ಲ. "ಲೆಕ್ಕ ಇಟ್ಟಿಲ್ರಿ," ಎಂದು ನಗುತ್ತಾಳೆ. ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಯ ಹಳ್ಳಿಗಳ ನಾಟಕದಲ್ಲಿ ಮೂವತ್ತು ವರ್ಷ ಹೆಣ್ಣಿನ ಪಾತ್ರ ಮಾಡಿದವಳು. ರಂಗದ ಮೇಲೆ ತಾಳಿ ಕಟ್ಟಿಸಿಕೊಂಡಿದ್ದಾಳೆ, ಕಿತ್ತು ಬಿಸಾಡಿದ್ದಾಳೆ, ವಿಷ ಕುಡಿದು ಸತ್ತಿದ್ದಾಳೆ. ಸತ್ತವಳು ಎದ್ದು ಮುಖ ತೊಳೆದುಕೊಂಡು ಮೊದಲ ಬಸ್ಸಿಗೆ ಊರು ಸೇರಿದ್ದಾಳೆ. ಖರೇ ಗಂಡ ಒಬ್ಬನೇ, ತಬಲಾ ಬಾರಿಸುವ ದಶರಥ. ಅವನು ಇವತ್ತಿಗೂ ಭಜನೆ ಇದೆ ಎಂದರೆ ಸಾಕು, ಊಟ ಬಿಟ್ಟು ಎದ್ದು ಹೋಗುವ ಜಾತಿ.

ಹಳ್ಳಿಯ ನಾಟಕದಲ್ಲಿ ಗಂಡಸರ ಪಾತ್ರಕ್ಕೆಲ್ಲ ಊರಿನವರೇ. ತೊಗರಿ ರಾಶಿ ಮುಗಿಸಿದವರು ನಾಟಕದ ಮಾಸ್ತರನ ಕೈಯಲ್ಲಿ ಬೈಸಿಕೊಳ್ಳುತ್ತ ಮಾತು ಕಲಿಯುತ್ತಾರೆ. ಹೆಣ್ಣಿನ ಪಾತ್ರಕ್ಕೆ ಮಾತ್ರ ಹೊರಗಿನಿಂದ ಕರೆಸಬೇಕು. ಅನಸುಬಾಯಿ ಹಿಂದಿನ ದಿನ ಹೋಗಿ, ಒಂದೇ ಒಂದು ತಾಲೀಮು ಮಾಡಿ, ಮರುದಿನ ರಂಗ ಏರಿದಳೆಂದರೆ ಊರಿನ ಹೆಂಗಸರೆಲ್ಲ ಸೆರಗು ಬಾಯಿಗಿಟ್ಟುಕೊಂಡು ಅಳುತ್ತಿದ್ದರು. ಅತ್ತರೇನು ಬಂತು? ಬೆಳಗಾದ ಮೇಲೆ ಒಬ್ಬಳೂ ಒಳಗೆ ಕರೆದು ಒಂದು ಗುಟುಕು ನೀರು ಕೊಟ್ಟವಳಲ್ಲ. ಚಹಾ ಬರುತ್ತಿದ್ದದ್ದು ಬಣ್ಣದ ಕೋಣೆಗೆ, ಪ್ಲಾಸ್ಟಿಕ್ ಕಪ್ಪಿನಲ್ಲಿ. ರಂಗದ ಮೇಲೆ ಊರಿಗೆಲ್ಲ ತಂಗಿ, ಕೆಳಗಿಳಿದರೆ ನಾಟಕದಾಕಿ. ಬೇರೆಯವರಾಗಿದ್ದರೆ ಮುಖ ಊದಿಸಿಕೊಂಡು ಕೂರುತ್ತಿದ್ದರು. ಅನಸುಬಾಯಿ ಅದನ್ನು ಚಹಾದ ಜೊತೆಗೇ ನುಂಗಿ ಮುಂದಿನ ಊರಿಗೆ ಹೋಗುತ್ತಿದ್ದಳು.

ಒಂದೇ ಒಂದು ಮನೆ ಅವಳ ಮನಸ್ಸಿನಲ್ಲಿ ಮುಳ್ಳು ಮುರಿದ ಹಾಗೆ ಉಳಿದುಬಿಟ್ಟಿತ್ತು. ಅದು ಕುರಕುಂಟಾದ ಪೀರಪ್ಪನ ಮನೆ. ಪೀರಪ್ಪ ಒಕ್ಕಲುತನದವನು, ಗಟ್ಟಿ ಕಂಠದವನು. ಅಲ್ಲಿಯ ನಾಟಕಗಳಲ್ಲಿ ಆತ ಅಣ್ಣ, ಇವಳು ತಂಗಿ. ವರ್ಷಗಟ್ಟಲೆ ಇದೇ ಜೋಡಿ. ಹೀಗಿದ್ದೂ ಪೀರಪ್ಪನ ಹೆಂಡತಿ ಭೀಮಮ್ಮ ಒಂದು ಸಲವೂ ಇವಳ ಜೊತೆ ಮಾತಾಡಿದವಳಲ್ಲ. ಒಮ್ಮೆ ಗಿರಣಿಯ ಹತ್ತಿರ ಎದುರಾದಾಗ ಹಿಟ್ಟಿನ ಡಬ್ಬಿಯನ್ನು ಈ ಕಂಕುಳಿನಿಂದ ಆ ಕಂಕುಳಿಗೆ ಬದಲಿಸಿ, ಮುಖ ತಿರುಗಿಸಿಕೊಂಡು ಹೋಗಿಬಿಟ್ಟಿದ್ದಳು. ಪರರ ಹೆಂಗಸು ಪರರ ಗಂಡಸನ್ನು ಅಣ್ಣ ಅಂದರೆ ಯಾವ ಹೆಂಡತಿ ನಂಬುತ್ತಾಳೆ ಎಂದು ಅನಸುಬಾಯಿ ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು. ಆದರೂ ಆ ಡಬ್ಬಿ ಬದಲಿಸಿದ ಪರಿ ಅವಳಿಗೆ ಮರೆತಿರಲಿಲ್ಲ.

ಈಗ ಮೊಣಕಾಲು ಹಿಡಿದಿವೆ, ನಾಟಕ ಬಿಟ್ಟಾಗಿದೆ. ಮಗಳು ಪೂನಮ್ ವಾಡಿಯಲ್ಲಿ ನರ್ಸು. ಅವ್ವನ ಬೇಸರ ಕಳೆಯಲೆಂದು ಗೋಡೆಯ ಅರ್ಧದಷ್ಟು ದೊಡ್ಡ ಟಿವಿ ತಂದು ಹಾಕಿಸಿದ್ದಾಳೆ. ಹೀಗೆ ನೆಮ್ಮದಿಯಾಗಿದ್ದಾಗಲೇ ಒಂದು ದಿನ ಪೀರಪ್ಪನ ಫೋನು ಬಂತು.

"ಅನಸುಬಾಯಿ, ಬರೋ ಐತಾರ ಭಂಕೂರಕ್ಕ ಬೀಗರ ಮನಿಗಿ ಬರ್ಲಿಕತ್ತೀವಿ. ಹಂಗೇ ನಿನ್ನ ಮನಿಗೂ ಬಂದು ಹೋಗ್ತೀವಿ."

"ಬರ್ರಿ ಪೀರಪ್ಪಣ್ಣ. ಯಾರ್‍ಯಾರು?"

"ನಾ, ಮತ್ತ ನಮ್ಮಾಕಿ."

ಅನಸುಬಾಯಿ ಫೋನನ್ನು ಇನ್ನೊಂದು ಕಿವಿಗೆ ಹಿಡಿದಳು. "ಭೀಮಮ್ಮನೋರು?"

"ಹೂಂ. ತಾನೇ ಬರ್ತೀನಿ ಅಂದಾಳ. 'ಅಣ್ಣ ಕೊಟ್ಟ ಅಂಗಳ' ಆಡಿದ್ವಲ್ಲ, ಅದರ ಕ್ಯಾಸೆಟ್ ಅನಸುಬಾಯಿ ಬಲ್ಲಿ ಇರಬೇಕು, ನೋಡಬೇಕು ಅಂತ ಒಂದೇ ಸಮ ಗಂಟು ಬಿದ್ದಾಳ."

ಪೀರಪ್ಪನ ದನಿಯಲ್ಲಿ ಖುಷಿ ಇರಲಿಲ್ಲ, ಏನೋ ಅಳುಕಿತ್ತು. ಅದನ್ನು ಗಮನಿಸುವಷ್ಟು ವ್ಯವಧಾನ ಅನಸುಬಾಯಿಗೆಲ್ಲಿ? ಭೀಮಮ್ಮ ತನ್ನ ಮನೆಗೆ ಬರುತ್ತಾಳೆ. ಬಂದರೆ ಸಾಲದು, ಕೂರಬೇಕು. ಕೂತರೆ ಸಾಲದು, ತನ್ನ ಕೈಯಿಂದ ನೀರು ಕುಡಿಯಬೇಕು. ನಮ್ಮ ಕಡೆ ಬಂದವರು ಬಾಯಲ್ಲಿ ನೀರು ಹಾಕಿಕೊಳ್ಳದೆ ಎದ್ದುಹೋದರೆಂದರೆ ಬಂದೇ ಇಲ್ಲ ಎಂದು ಲೆಕ್ಕ. ಹಾಗಾಗಬಾರದು ಎಂಬುದೊಂದೇ ಅವಳ ತಲೆಯಲ್ಲಿ ಕೂತಿತು. ಮನೆಯ ಸ್ಟೀಲ್ ಗ್ಲಾಸುಗಳನ್ನು ತೆಗೆದು ನೋಡಿದಳು. ಒಂದರ ಮೇಲೂ ಅವಳ ಹೆಸರಿಲ್ಲ. ಎಲ್ಲ ಯಾವ್ಯಾವುದೋ ಊರಿನವರು ನಾಟಕದಲ್ಲಿ ಮೆಚ್ಚಿ ಕೊಟ್ಟವು, ಮೈತುಂಬ ಕಂಡವರ ಹೆಸರು ಕೊರೆದವು. ಇವುಗಳಲ್ಲಿ ಭೀಮಮ್ಮನಿಗೆ ನೀರು ಕೊಡಲು ಅವಳಿಗೆ ಮನಸ್ಸು ಬರಲಿಲ್ಲ.

ಮರುದಿನವೇ ಬಜಾರಿನ ಜಬೀನಾಳ ಗಾಜಿನ ಸಾಮಾನಿನ ಅಂಗಡಿಗೆ ಹೋದಳು.

"ನೀರು ಕುಡಿಯೋ ಗ್ಲಾಸ್ ಬೇಕು ಜಬೀನಾ. ಆರು. ನೋಡಿದ್ರ ಕಣ್ಣು ತಂಪಾಗಬೇಕು."

ಜಬೀನಾ ಮೊದಲು ತೆಗೆದದ್ದು ಅಂಚಿಗೆ ಚಿನ್ನದ ಗೆರೆ ಇದ್ದವು. ಅನಸುಬಾಯಿ ಉಗುರಿನಿಂದ ಕೆರೆದು ನೋಡಿದಳು. "ಇದು ನಮ್ಮ ನಾಟಕದ ಕಿರೀಟ ಇದ್ದಂಗದ. ನಾಕು ಸಲ ತೊಳದ್ರ ಬಣ್ಣ ಬಯಲು," ಎಂದಳು. ಆಮೇಲೆ ತಳ ದಪ್ಪಗಿದ್ದು ಕೈಗೆ ತೂಕವಾಗಿ ಕೂರುವವು ಬಂದವು. ಚಂದವೇನೋ ಇದ್ದವು. ಆದರೆ ಅಂಥವು ಶರಾಬಿನ ಜಾಹೀರಾತಿನಲ್ಲಿ ಇರುತ್ತವೆ. ಕಾಲಿನ ಮೇಲೆ ನಿಲ್ಲುವ ಗ್ಲಾಸು ತೋರಿಸಿದಾಗಂತೂ ಅನಸುಬಾಯಿ ಕೈಯನ್ನೇ ಹಿಂದಕ್ಕೆ ಎಳೆದುಕೊಂಡಳು.

"ತಗೀ ಮೊದಲ. ನಾಟಕದಾಗ ಇದು ಹಿಡ್ಕೊಂಡು ನಿಂತಾವನೇ ಯಾವಾಗ್ಲೂ ನನ್ನ ಸೀರಿ ಸೆರಗ ಎಳೀತಿದ್ದ."

ಜಬೀನಾ ಬಿದ್ದು ಬಿದ್ದು ನಕ್ಕಳು. "ಅಕ್ಕಾ, ಗ್ಲಾಸು ತಗೋಲಿಕ್ಕೆ ಬಂದೀರೋ, ವರ ನೋಡಲಿಕ್ಕೆ ಬಂದೀರೋ?"

ಕೊನೆಗೆ ಅನಸುಬಾಯಿಯ ಕಣ್ಣು ಮೇಲಿನ ಹಲಗೆಯ ಮೂಲೆಗೆ ಹೋಯಿತು. ತೆಳ್ಳಗಿನ ಗಾಜು, ಉದ್ದವೂ ಅಲ್ಲ ಗಿಡ್ಡವೂ ಅಲ್ಲ, ಬಾಯಿ ಒಂದು ಚೂರೇ ಹೊರಕ್ಕೆ ಬಾಗಿದೆ, ನಡುವಿನಲ್ಲಿ ಸಣ್ಣ ಎಲೆಗಳ ಸಾಲು ಕೊರೆದಿದೆ. ಬೆಳಕಿಗೆ ಹಿಡಿದರೆ ಗಾಜು ಇದೆಯೋ ಇಲ್ಲವೋ ಅನ್ನುವ ಹಾಗೆ. ಅವಳಿಗೆ ಎದೆ ತುಂಬಿ ಬಂತು. ಆದರೂ ಒಂದು ಪರೀಕ್ಷೆ ಬಾಕಿ ಇತ್ತು.

"ಇದರಾಗ ನೀರು ತುಂಬಿ ಕೊಡು."

ಅವಳ ಚಿಂತೆ ಇಷ್ಟೇ: ಭೀಮಮ್ಮ ಹಳೇ ಕಾಲದ ಹೆಂಗಸು, ತುಟಿ ಹಚ್ಚದೆ ಎತ್ತಿ ಕುಡಿಯುವವಳು. ಬಾಯಿ ಅಗಲವಾದ ಗ್ಲಾಸಿನಿಂದ ಎತ್ತಿ ಕುಡಿದರೆ ನೀರು ಎದೆಯ ಮೇಲೆ ಸುರಿಯುತ್ತದೆ. ಸುರಿದರೆ, 'ಬ್ಯಾಡ ಬಿಡ್ರಿ' ಎಂದು ಕೆಳಗಿಡಲು ಆಕೆಗೊಂದು ನೆಪ ಸಿಕ್ಕ ಹಾಗೆ. ಅನಸುಬಾಯಿ ಅಂಗಡಿಯಲ್ಲೇ ತಲೆ ಎತ್ತಿ, ಬಾಯಿ ತೆರೆದು ಸುರಿದುಕೊಂಡಳು. ಮೊದಲನೇ ಸಲ ಕುಪ್ಪಸ ತೋಯಿತು. ಎರಡನೇ ಸಲ ಸ್ವಲ್ಪ ಬಗ್ಗಿಸಿ ನಿಧಾನ ಸುರಿದಾಗ ನೀರು ದಾರದಂತೆ ನೇರ ಬಾಯಿಗೆ ಬಂತು. "ಎತ್ತಿ ಕುಡದರೂ ಸೈ, ಕಚ್ಚಿ ಕುಡದರೂ ಸೈ. ಕಟ್ಟು," ಎಂದಳು.

ಗ್ಲಾಸಾಯಿತು, ನಾಟಕ ಉಳಿಯಿತು. ಅದು ಇದ್ದದ್ದು ಸೇಡಂನಲ್ಲಿ, ಅಮೀರ್ ಅಲಿಯ ಸ್ಟುಡಿಯೋದಲ್ಲಿ. ಸುತ್ತಲಿನ ಊರುಗಳ ನಾಟಕಗಳಿಗೆಲ್ಲ ಕ್ಯಾಮೆರಾ ಹೊತ್ತು ಹೋಗುತ್ತಿದ್ದವನು ಅವನೇ. ಹಳೆಯ ಕ್ಯಾಸೆಟ್ಟುಗಳನ್ನು ಕಬ್ಬಿಣದ ಕಪಾಟಿನಲ್ಲಿ ನುಸಿಗುಳಿಗೆ ಹಾಕಿ, ಸೀರೆಗಳನ್ನು ಇಡುವ ಹಾಗೆ ಇಟ್ಟಿದ್ದ. ಅನಸುಬಾಯಿಯನ್ನು ಕಂಡಕೂಡಲೇ ಕುರ್ಚಿ ಒರೆಸಿದ. ಇಬ್ಬರೂ ಒಂದೊಂದೇ ಹಾಕಿ ನೋಡಿದರು. ಒಂದರಲ್ಲಿ ಅವಳು ಅತ್ತೆಯನ್ನು ಪೊರಕೆ ಹಿಡಿದು ಅಟ್ಟಿಸಿಕೊಂಡು ಹೋಗುತ್ತಾಳೆ. ಅದನ್ನು ಮಗಳಿಗಾಗಿ ಆರಿಸಿಕೊಂಡಳು. ಇನ್ನೊಂದರಲ್ಲಿ ದಶರಥನ ತಬಲಾ ಬಹಳ ಚೆನ್ನಾಗಿ ಕೇಳುತ್ತದೆ, ಅದು ಅವನಿಗೆ. ಮೂರನೆಯದು 'ಅಣ್ಣ ಕೊಟ್ಟ ಅಂಗಳ'. ಪರದೆಯ ಮೇಲೆ ತೆಳ್ಳಗಿನ, ಕಪ್ಪು ಜಡೆಯ ಅನಸುಬಾಯಿ ಬಂದು ನಿಂತಾಗ ಈಗಿನ ಅನಸುಬಾಯಿ ಲಜ್ಜೆಯಿಂದ ಸೆರಗು ಸರಿಮಾಡಿಕೊಂಡಳು.

ಅಷ್ಟರಲ್ಲಿ ನಾಟಕ ನಿಂತು ಮೈಕಿನಲ್ಲಿ ಆಯೇರಿ ಕೂಗತೊಡಗಿದರು. ನೋಡುವವರು ಪಾತ್ರ ಮೆಚ್ಚಿ ಕೊಡುವ ಬಟ್ಟೆ, ಪಾತ್ರೆ, ನೋಟುಗಳಿಗೆ ಆಯೇರಿ ಎನ್ನುತ್ತಾರೆ. ಕೊಟ್ಟವರ ಹೆಸರನ್ನು ನಾಟಕ ತಡೆದು ಮೈಕಿನಲ್ಲಿ ಹೇಳಲೇಬೇಕು. ಸಾಯುತ್ತಿರುವವನೂ ಅಷ್ಟು ಹೊತ್ತು ತಡೆದೇ ಸಾಯಬೇಕು. ಕುಡಿದು ಬಂದ ಪಡ್ಡೆ ಹುಡುಗರು 'ನಮ್ಮ ಅನಸುಬಾಯಿಯ ನಡಿಗೆಗೆ ಮೆಚ್ಚಿ' ಎಂದು ಕೂಗಿಸಿದ್ದರು. ಜನ ಸಿಳ್ಳೆ ಹಾಕಿದ್ದೂ ಕೇಳಿತು.

ಅನಸುಬಾಯಿಯ ಮುಖ ಕಪ್ಪಿಟ್ಟಿತು. ಇದನ್ನು ಭೀಮಮ್ಮ ಕೇಳಿದರೆ? "ಅಮೀರ್ ಭಾಯಿ, ಈ ಆಯೇರಿ ಎಲ್ಲಾ ಕಡದು ತಗೀರಿ. ನಾಟಕ ಒಂದೇ ಇರಲಿ."

"ಅಕ್ಕಾ, ಆಯೇರಿ ಕಡದ್ರ ಏನ್ ಉಳೀತದ? ಮಂದಿ ಕ್ಯಾಸೆಟ್ ಒಯ್ತಿದ್ದದ್ದೇ ತಮ್ಮ ಹೆಸರು ಕೇಳಲಿಕ್ಕೆ. ನಾಟಕ ಯಾರ್ ನೋಡ್ತಿದ್ರು?"

"ಮಂದಿದು ಮಂದಿಗಿ. ನಂಗ ಬ್ಯಾಡ."

ಅಮೀರ್ ಅಲಿ ಒಳ್ಳೆಯ ಮಾತಿನಲ್ಲಿ ಇನ್ನೊಮ್ಮೆ ಹೇಳಿ ನೋಡಿದ. ಅವಳು ಕೇಳಲಿಲ್ಲ. ಅವನು ಸಂಜೆಯವರೆಗೆ ಕೂತು ಕತ್ತರಿಸಿ, ಪೆನ್‌ಡ್ರೈವಿನಲ್ಲಿ ಹಾಕಿ ಕೊಟ್ಟ.

ಐತವಾರ ಬಂತು. ದಶರಥ ಚಿಂಚೋಳಿಯ ಕಡೆ ಭಜನೆಗೆ ಹೋಗಿಯಾಗಿತ್ತು. ಅನಸುಬಾಯಿ ಮುಂಜಾನೆಯೇ ಕಲ್ಲಿನ ನೆಲ ತೊಳೆದು, ಆರು ಗ್ಲಾಸನ್ನೂ ಹಳೆಯ ಮೆತ್ತನೆಯ ಧೋತರದಲ್ಲಿ ಒರೆಸಿ ತಟ್ಟೆಯಲ್ಲಿಟ್ಟಳು. ಮಧ್ಯಾಹ್ನ ಆಟೋದಿಂದ ಇಬ್ಬರೂ ಇಳಿದರು. ಪೀರಪ್ಪನ ಮೀಸೆ ಬೆಳ್ಳಗಾಗಿತ್ತು, ದನಿ ಮಾತ್ರ ಹಾಗೆಯೇ ಇತ್ತು. ಭೀಮಮ್ಮ ಹೊಸ್ತಿಲ ಬಳಿ ಒಂದು ಕ್ಷಣ ನಿಂತು, ತಲೆಯ ಮೇಲಿನ ಸೆರಗು ಎಳೆದುಕೊಂಡು ಒಳಗೆ ಬಂದಳು.

"ಬರ್ರಿ ಭೀಮಮ್ಮನೋರ, ಕುಂದ್ರಿ. ಮೊದಲ ನೀರು ತಗೋರಿ."

"ಇರಲಿ ತಗೋರಿ. ಅವಸರ ಏನದ," ಎಂದು ಭೀಮಮ್ಮ ಗ್ಲಾಸನ್ನು ತೆಗೆದುಕೊಂಡು, ಕುಡಿಯದೆ, ಪಕ್ಕದ ಸ್ಟೂಲಿನ ಮೇಲಿಟ್ಟಳು. "ಛಂದ ಅದ ಗ್ಲಾಸು," ಎಂದಳು. ಆ 'ತಗೋರಿ' ಎಂಬ, ದೂರ ಇಡುವ ಗೌರವ ಅನಸುಬಾಯಿಗೆ ಚುಚ್ಚಿತು. ಪೀರಪ್ಪ ಮಾತ್ರ ಎಂದಿನಂತೆ ಎತ್ತಿ ಸುರಿದುಕೊಂಡು ಅಂಗಿಯೆಲ್ಲ ಒದ್ದೆ ಮಾಡಿಕೊಂಡ.

ನಾಟಕ ಶುರುವಾಯಿತು. ವಿಚಿತ್ರವೆಂದರೆ ಭೀಮಮ್ಮನಿಗೆ ಪ್ರತಿಯೊಂದು ಮಾತೂ ಗೊತ್ತಿತ್ತು. ಪೀರಪ್ಪ ಪರದೆಯ ಮೇಲೆ ಬಾಯಿ ತೆರೆಯುವ ಮೊದಲೇ ಅವಳ ತುಟಿ ಅಲುಗುತ್ತಿತ್ತು.

"ನೀವು ಆವತ್ತ ನೋಡೀರೇನ್ರಿ?" ಎಂದು ಅನಸುಬಾಯಿ ಕೇಳಿದಳು.

"ಎಲ್ಲಿ ನೋಡೋದ್ರಿ? ಅತ್ತಿಗಿ ಅರಾಮ ಇದ್ದಿಲ್ಲ, ತೊಟ್ಟಿಲದಾಗ ಕೂಸು. ಮನ್ಯಾಗ ಇವರ ತಾಲೀಮ ಕೇಳೀನಿ, ಆವತ್ತ ಪಡಸಾಲ್ಯಾಗ ಕುಂತು ಮೈಕಿನ್ಯಾಗ ಕೇಳೀನಿ. ಇವತ್ತೇ ಕಣ್ಣಿಲೆ ನೋಡ್ಲಿಕತ್ತೀನಿ."

ತಂಗಿಯನ್ನು ಗಂಡನ ಮನೆಗೆ ಕಳಿಸುವ ಪ್ರವೇಶ ಬಂತು. ಅಣ್ಣ ತನ್ನ ಮನೆಯ ಅರ್ಧ ಅಂಗಳವನ್ನು ತಂಗಿಯ ಹೆಸರಿಗೆ ಬಿಟ್ಟುಕೊಡುತ್ತಾನೆ. ತಂಗಿ ಅತ್ತು ಒಳಗೆ ಹೋಗುತ್ತಾಳೆ. ಭೀಮಮ್ಮ ಮುಂದಕ್ಕೆ ಸರಿದು, ಕೈಗಳನ್ನು ಮಡಿಲಲ್ಲಿ ಬಿಗಿಯಾಗಿ ಹಿಡಿದು ಕೂತಳು. ಪೀರಪ್ಪನಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು. ಅಣ್ಣ ಕಣ್ಣೊರೆಸಿಕೊಂಡ, ಪರದೆ ಒಮ್ಮೆ ಮಿನುಗಿತು, ಮರುಕ್ಷಣ ಮುಂದಿನ ಪ್ರವೇಶ ಬಂದುಬಿಟ್ಟಿತು.

"ಮುಗೀತಾ?" ಎಂದಳು ಭೀಮಮ್ಮ.

"ಇಲ್ರಿ, ಇನ್ನಾ ಭಾಳ ಅದ."

"ನಂದು ಎಲ್ಲಿ ಹೋಯ್ತು? ಇಲ್ಲೇ ಹಾರ್ಮೋನಿಯಂ ನಿಲ್ಲಿಸಿ ನನ್ನ ಹೆಸರು ಹೇಳಿದ್ರು."

"ಆಯೇರಿ ಎಲ್ಲಾ ನಾನೇ ಕಡಸೀನ್ರಿ..."

ಭೀಮಮ್ಮ ಎದ್ದು ನಿಂತಳು. ಗ್ಲಾಸಿನ ನೀರು ಹಾಗೇ ಇತ್ತು. "ಆವತ್ತ ಖಣ ಇಸ್ಕೊಂಡ್ರಿ, ಹೊಲಿಸಿ ತೊಟ್ಟೂ ತೊಟ್ಕೊಂಡ್ರಿ. ಕರದ್ರ ಮನಿಗಿ ಬರ್ಲಿಲ್ಲ. ಉಡಿ ತುಂಬಲಿಕ್ಕೆ ಎಲ್ಲಾ ಇಟ್ಕೊಂಡು ಮಧ್ಯಾನದ ತನಾ ಬಾಗಲದಾಗ ಕುಂತೀನಿ. ಈಗ ನನ್ನ ಹೆಸರೂ ಕಡಸೀರಿ. ಛಲೋ ಆಯ್ತು. ಏಳ್ರಿ, ಹೋಗಮು," ಎಂದು ಗಂಡನತ್ತ ತಿರುಗಿದಳು.

ಆ ಕುಪ್ಪಸದ ಖಣ ಅನಸುಬಾಯಿಗೆ ನೆನಪಿತ್ತು, ಹಸಿರು ಬಣ್ಣದ್ದು. ಆಯೇರಿಯ ಗಂಟಿನಲ್ಲಿ ಬಂದದ್ದು, ಯಾರದೆಂದು ಯಾರೂ ಹೇಳಿರಲಿಲ್ಲ. ಮನೆಗೆ ಕರೆದದ್ದು? ಮನೆಮಗಳಿಗೆ ಮಡಿಲು ತುಂಬುವ ಹಾಗೆ ತನಗೆ ಉಡಿ? "ಯಾರು ಕರದ್ರು? ದೇವರಾಣಿ ನಂಗ ಗೊತ್ತಿಲ್ರಿ. ಒಂದ್ ಗಳಿಗಿ ನಿಂದ್ರಿ, ನಿಮ್ಮ ಕಾಲ ಬೀಳ್ತೀನಿ," ಎಂದು ಬಾಗಿಲಿಗೆ ಅಡ್ಡ ನಿಂತು ಅಮೀರ್ ಅಲಿಗೆ ಫೋನು ಹಚ್ಚಿದಳು. ಕತ್ತರಿಸಿದ್ದನ್ನು ಬಿಸಾಕಿಬಿಟ್ಟಿರೇನು ಎಂದು ಕೇಳಿದಳು.

"ಬಿಸಾಕಲಿಕ್ಕೆ ಹುಚ್ಚ ಇದೀನೇನಕ್ಕಾ?" ಎಂದು ಅವನು ನಕ್ಕ. "ಖರೇ ಮಾಲೇ ಅದು. ಕಳಸ್ತೀನಿ ಹಿಡೀರಿ."

ಸ್ವಲ್ಪ ಹೊತ್ತಿನಲ್ಲಿ ಮೊಬೈಲಿಗೆ ಆ ತುಣುಕು ಬಂತು. ಮೂವರೂ ಬಗ್ಗಿ ನೋಡಿದರು. ರಂಗದ ಮೇಲೆ ಪೀರಪ್ಪ ಒಬ್ಬನೇ, ಹೆಗಲ ಮೇಲೆ ಶಲ್ಯ. ಮಾಸ್ತರನ ದನಿ ಮೈಕಿನಲ್ಲಿ ಕೇಳಿತು: "ಅಣ್ಣನ ಪಾತ್ರಧಾರಿ ಪೀರಪ್ಪನವರ ಧರ್ಮಪತ್ನಿ ಭೀಮಮ್ಮನವರು ತಮ್ಮ ನಾದಿನಿಗೆ ಒಂದು ಖಣ ಆಯೇರಿ ಮಾಡಿರುತ್ತಾರೆ. ನಾಳೆ ಮುಂಜಾನೆ ನಾದಿನಿ ಮನೆಗೆ ಬಂದು ಉಡಿ ತುಂಬಿಸಿಕೊಂಡೇ ಹೋಗತಕ್ಕದ್ದು ಎಂದು ಕೇಳಿಕೊಂಡಿರುತ್ತಾರೆ." ಜನ ಚಪ್ಪಾಳೆ ತಟ್ಟಿದರು. ಪೀರಪ್ಪ ತಲೆ ಬಗ್ಗಿಸಿ ಶಲ್ಯದ ತುದಿ ತಿರುವುತ್ತ ನಿಂತಿದ್ದ.

"ಆವಾಗ ನಾ ಒಳಗ ಸೀರಿ ಬದಲಸ್ಲಿಕತ್ತಿದ್ದೆ. ಬಣ್ಣದ ಕೋಣಿ ಮಗ್ಗಲದಾಗೇ ಜನರೇಟರ್ ಇಟ್ಟಿದ್ರು. ಕಿವ್ಯಾಗ ಏನೂ ಬೀಳ್ತಿದ್ದಿಲ್ಲ," ಎಂದಳು ಅನಸುಬಾಯಿ. "ಬೆಳಗಾದ ಮ್ಯಾಲ ಪೀರಪ್ಪಣ್ಣ ತಾನೇ ಬಂದು ಬಸ್ ಹತ್ತಿಸಿದ."

ಭೀಮಮ್ಮ ಗಂಡನನ್ನು ನೋಡಿದಳು. ಕುಂಬಳಕಾಯಿ ಕಳ್ಳನಂತೆ ಪೀರಪ್ಪ ಆಗಲೇ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದ.

"ನೀವು ಬಂದು ನಂಗೇನಂದ್ರಿ? ಆಕಿಗಿ ಪುರಸೊತ್ತಿಲ್ಲಂತ, ಬರಾಂಗಿಲ್ಲ ಅಂದ್ಲು ಅಂತ ಹೇಳಿದ್ರಿ, ಹೌದಿಲ್ಲೋ?"

"ಮಂದಿ ಏನರೆ ಅಂದಾರು ಅಂತ..." ಪೀರಪ್ಪನ ಗಟ್ಟಿ ಕಂಠ ಎಲ್ಲೋ ಅಡಗಿತ್ತು. "ನಾಟಕದಾಕಿನ್ನ ಮನಿಗಿ ಒಯ್ದ ಅಂತ ಆಡಿಕೊಂಡಾರು ಅಂತ ಅಂಜಿದೆ."

"ಮೈಕಿನ್ಯಾಗ ನಾ ಕರದೀನಿ, ಮಂದಿ ಚಪ್ಪಾಳಿ ಹೊಡದಾರ. ಇನ್ನೇನ್ ಅಂತಿದ್ರು? ನಿಮಗ ಒಡಹುಟ್ಟಿದ ಅಕ್ಕ ಇಲ್ಲ, ತಂಗಿ ಇಲ್ಲ. ಪಂಚಮಿ ಬಂದ್ರ ಎಲ್ಲಾರ ಮನಿಗಿ ಹೆಣ್ಣಮಕ್ಕಳು ಬರ್ತಿದ್ರು, ನಮ್ಮ ಮನಿಗಿ ಯಾರಿದ್ರು? ನೀವು ತಂಗಿ ಅಂತ ಅತ್ತಿದ್ದ ಕೇಳಿ, ನಂಗೊಬ್ಬಾಕಿ ನಾದನಿ ಸಿಕ್ಕಳು, ವೈನಿ ಅಂತ ಕರೀಲಿಕ್ಕೆ ಒಬ್ಬಾಕಿ ಬಂದಳು ಅಂತ ಜೀವ ಹಿಗ್ಗಿತ್ತು. ಇಷ್ಟ್ ವರ್ಷ ಇಕೀ ಮ್ಯಾಲ ಸಿಟ್ಟ್ ಮಾಡ್ಕೊಂಡ್ ಕುಂತೆನಲ್ಲ!"

ಪೀರಪ್ಪ ಎದ್ದು, ಅಂಗಿ ಒಣಗಿಸುವ ನೆಪದಲ್ಲಿ ಅಂಗಳಕ್ಕೆ ಹೋದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ನಡೆದುಕೊಂಡವನಿಗೆ ಇಷ್ಟು ವರ್ಷದ ಮೇಲೆ ಹಾವೂ ಹೆಡೆ ಎತ್ತಿತ್ತು, ಕೋಲೂ ಮುರಿದಿತ್ತು. ಗಿರಣಿಯ ಹತ್ತಿರ ಮುಖ ತಿರುಗಿಸಿದ್ದು ಅಸಹ್ಯದಿಂದಲ್ಲ, ನೊಂದು ಎಂದು ತಿಳಿದ ಅನಸುಬಾಯಿಗೆ ದುಃಖವಾಗಲಿಲ್ಲ. ಖುಷಿಯಾಯಿತು. ತನ್ನ ದಾರಿ ಕಾಯುತ್ತ ಬಾಗಿಲಲ್ಲಿ ಒಬ್ಬಳು ಕೂತಿದ್ದಳು ಎಂಬುದೊಂದೇ ಅವಳ ತಲೆಯಲ್ಲಿ ತಿರುಗುತ್ತಿತ್ತು.

ಭೀಮಮ್ಮ ಗ್ಲಾಸು ತೆಗೆದುಕೊಂಡು ಗಟಗಟ ಕುಡಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡು ಯಾರನ್ನೂ ಕೇಳದೆ ಅಡುಗೆಮನೆಗೆ ನಡೆದಳು. ಡಬ್ಬಿಗಳ ಮುಚ್ಚಳ ತೆಗೆದು ಹಾಕುವ ಸದ್ದು ಕೇಳಿತು.

"ಅಕ್ಕಿ ಯಾವದರಾಗ ಅವ? ಟೆಂಗಿನಕಾಯಿ ಅದ ಏನು ಮನ್ಯಾಗ?"

"ಎಲ್ಲಾ ಅವ ರೀ. ಯಾಕ್ರಿ?"

"ಯಾಕಂತ ಕೇಳ್ತಾಳ ನೋಡು. ಬಂದು ಮೂಡಲಕ್ಕ ಮುಖ ಮಾಡಿ ಕುಂದರು. ಅಕ್ಕಿ ನಿಂದೇ ಆಗಲಿ, ಕೈ ನಂದು."

ಅನಸುಬಾಯಿ ದೇವರ ಮುಂದೆ ಕೂತು ಸೆರಗು ಒಡ್ಡಿದಳು. ರಂಗದ ಮೇಲೆ ಅವಳಿಗೆ ಎಷ್ಟೋ ಸಲ ಉಡಿ ತುಂಬಿದ್ದರು; ಮಾಸ್ತರರು ಅಕ್ಕಿ ದಂಡವಾಗುತ್ತದೆಂದು ಬೂಸಾ ಹಾಕಿಸುತ್ತಿದ್ದರು. ಈಗ ಭೀಮಮ್ಮ ಬೊಗಸೆ ಬೊಗಸೆಯಾಗಿ ಅಕ್ಕಿ ಹಾಕಿದಳು, ಕಾಯಿ ಇಟ್ಟಳು, ಅರಿಷಿಣದ ಕೊಂಬು ಇಟ್ಟಳು. ಮಡಿಲು ತೂಕವಾಗುತ್ತ ಹೋಯಿತು. ಅನಸುಬಾಯಿ ಹಾಗೇ ಬಗ್ಗಿ ಭೀಮಮ್ಮನ ಪಾದ ಮುಟ್ಟಿದಳು.

"ಏಳು. ಪಂಚಮಿಗಿ ಕುರಕುಂಟಾಕ್ಕ ಬರಬೇಕು," ಎಂದಳು ಭೀಮಮ್ಮ. "ಈ ಸಲ ಮೈಕಿನ್ಯಾಗ ಹೇಳಿಸಿಲ್ಲ, ಎದುರಿಗಿ ನಿಂತು ಹೇಳ್ಲಿಕತ್ತೀನಿ."

"ಬರ್ತೀನಿ ವೈನಿ," ಎಂದಳು ಅನಸುಬಾಯಿ.